ನಮ್ಮ ಶಾಸಕರು ರಾಷ್ಟ್ರಪತಿ ಚುನಾವಣೆಯಲ್ಲಿ ಹಾಕುವ ಮತ ಯಾರದು?

ಸಮಾಜ ಮೇಷ್ಟ್ರು | 23 ಜೂನ್ 2022

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಿನ್ನೆ ಪತ್ರಿಕೆ ಹಿಡಿದುಕೊಂಡೇ ಹತ್ತನೆಯ ತರಗತಿಗೆ ಹೋಗಿದ್ದೆ. ಎನ್‌ಡಿಎಯಿಂದ ದ್ರೌಪದಿ ಮುರ್ಮು, ವಿರೋಧ ಪಕ್ಷಗಳಿಂದ ಯಶವಂತ ಸಿನ್ಹಾ, ಜುಲೈ 18ಕ್ಕೆ ಮತದಾನ, 21ಕ್ಕೆ ಎಣಿಕೆ ಎಂದು ಓದಿ ಹೇಳಿದೆ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131, ಶಾಸಕರು 224, ಒಟ್ಟು 29,344 ಎಂದು ಹಲಗೆಯ ಮೇಲೆ ಗುಣಿಸಿ ತೋರಿಸಿದೆ. ಆಗ ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ನಮ್ಮ ಶಾಸಕರು ಯಾರಿಗೆ ಮತ ಹಾಕುತ್ತಾರೆ ಎಂದು ನಮ್ಮ ಅಪ್ಪ ಅವರನ್ನು ಕೇಳಬಹುದೇ?"

ಮತದಾನ ರಹಸ್ಯ ಎಂದೆ. "ಆದರೆ ಆ 131 ಬಂದಿದ್ದು ನಮ್ಮ ಜನಸಂಖ್ಯೆಯಿಂದ ತಾನೇ?" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಉತ್ತರ ಮಾತ್ರ ನನಗೆ ಇನ್ನೂ ಹೊಳೆದಿಲ್ಲ. ನೀವೇನು ಹೇಳುತ್ತೀರಿ?

ನೇರನುಡಿ | 23 ಜೂನ್

ಕೇಳಬಹುದು, ಆದರೆ ಕೇಳಿ ಪ್ರಯೋಜನವಿಲ್ಲ. ಲೆಕ್ಕ ಆಗಲೇ ಮುಗಿದಿದೆ. ಎನ್‌ಡಿಎ ಬಳಿ ಅರ್ಧಕ್ಕೆ ಸ್ವಲ್ಪ ಕಡಿಮೆ ಮತಮೌಲ್ಯವಿತ್ತು. ಅಭ್ಯರ್ಥಿ ಒಡಿಶಾದವರು ಎಂದ ಕೂಡಲೇ ಬಿಜು ಜನತಾ ದಳ ಕೈಜೋಡಿಸಿತು. ಆ ಪಕ್ಷವೊಂದರದ್ದೇ 31 ಸಾವಿರಕ್ಕೂ ಹೆಚ್ಚು ಮೌಲ್ಯ. ಇನ್ನು ಜುಲೈ 18ರವರೆಗೆ ನಡೆಯುವುದೆಲ್ಲ ಬರೀ ಶಾಸ್ತ್ರ.

ಲೆಕ್ಕಿಗ | 23 ಜೂನ್

ಮೇಷ್ಟ್ರೇ, ಆ ಹುಡುಗಿಗೆ ನನ್ನ ಅಭಿನಂದನೆ ತಿಳಿಸಿ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ರಾಜ್ಯದ 1971ರ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಆಗ ಕರ್ನಾಟಕದಲ್ಲಿ ಇದ್ದವರು 2 ಕೋಟಿ 93 ಲಕ್ಷ ಜನ. ಹಾಗಾಗಿ 131. ಉತ್ತರ ಪ್ರದೇಶದ ಶಾಸಕರಿಗೆ 208, ಸಿಕ್ಕಿಂನವರಿಗೆ 7.

ಎಲ್ಲ ಶಾಸಕರ ಮೌಲ್ಯ ಕೂಡಿದರೆ 5,43,231. ಅದನ್ನು 776 ಸಂಸದರಿಗೆ ಹಂಚಿದರೆ ತಲೆಗೆ 700. ಕಳೆದ ಸಲ 708 ಇತ್ತು. ಈ ಚುನಾವಣೆಯ ಹೊತ್ತಿಗೆ ಜಮ್ಮು ಕಾಶ್ಮೀರದಲ್ಲಿ ವಿಧಾನಸಭೆಯೇ ಇಲ್ಲದ ಕಾರಣ ಅಷ್ಟು ಇಳಿದಿದೆ. ನನಗೆ ಈ ಎಂಟರ ಇಳಿಕೆ ಬಹಳ ಕಾಡಿತು. ಒಂದು ಇಡೀ ರಾಜ್ಯದ ಜನರ ಪಾಲು ಈ ಲೆಕ್ಕದಿಂದ ಜಾರಿಹೋಗಿದೆ, ದೇಶದ ಪ್ರತಿಯೊಬ್ಬ ಸಂಸದನ ಮತದಲ್ಲಿ ಅದು ಕಾಣುತ್ತಿದೆ.

ಬನಶಂಕರಿ | 23 ಜೂನ್

1971 ಯಾಕೆ? ಅರ್ಧ ಶತಮಾನ ಹಳೆಯ ಲೆಕ್ಕವಲ್ಲವೇ?

ಲೆಕ್ಕಿಗ | 23 ಜೂನ್

ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯಗಳಿಗೆ ನಷ್ಟವಾಗಬಾರದು ಎಂದು ಸಂವಿಧಾನದ 42ನೇ ತಿದ್ದುಪಡಿಯಲ್ಲಿ ಹಾಗೆ ನಿಲ್ಲಿಸಿದರು. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ನಾನೇ ಕುಳಿತು 2011ರ ಅಂಕಿ ಹಾಕಿ ನೋಡಿದೆ. ಇಷ್ಟೇ ಶಾಸಕರಿದ್ದರೆ ಕರ್ನಾಟಕದ್ದು 273 ಆಗುತ್ತದೆ, ಉತ್ತರ ಪ್ರದೇಶದ್ದು 496. ಎರಡೂ ಏರುತ್ತವೆ, ಅವರದು ಹೆಚ್ಚು ಏರುತ್ತದೆ.

ನೇರನುಡಿ | 23 ಜೂನ್

ಇದರ ಬಗ್ಗೆ ದಕ್ಷಿಣದವರು ಈಗಲೇ ಮಾತನಾಡಬೇಕು. ಆಮೇಲೆ ಬಾಯಿ ಬಡಿದುಕೊಂಡು ಫಲವಿಲ್ಲ.

ಕಾನೂನು ಕಣ್ಣು | 24 ಜೂನ್

ಮೂಲ ಪ್ರಶ್ನೆಗೆ ಬರೋಣ. ಈ ಚುನಾವಣೆಯಲ್ಲಿ ಪಕ್ಷಗಳು ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಎಂಬ ಆಜ್ಞೆ, ಹೊರಡಿಸುವಂತಿಲ್ಲ. ಚುನಾವಣಾ ಆಯೋಗ ಇದನ್ನು ಸ್ಪಷ್ಟವಾಗಿ ಹೇಳಿದೆ. ಮತ ರಹಸ್ಯ, ತನಗೆ ಬೇಕಾದವರಿಗೆ ಹಾಕಲು ಸದಸ್ಯರು ಸ್ವತಂತ್ರರು. ಅಂದ ಮೇಲೆ ಪಕ್ಷವೇ ಆಜ್ಞೆ ಮಾಡಲಾಗದ ಜಾಗದಲ್ಲಿ ಮತದಾರ ಆಜ್ಞೆ ಮಾಡಲಾಗದು. ಕೇಳುವುದಕ್ಕೆ ಅಡ್ಡಿಯಿಲ್ಲ, ಉತ್ತರಿಸಲೇಬೇಕೆಂದೂ ಇಲ್ಲ.

ಮಲೆನಾಡ ಮಳೆ | 24 ಜೂನ್

ವಿಪ್ ಇಲ್ಲದಿದ್ದರೇನು, ಪಕ್ಷದ ವಿರುದ್ಧ ಹಾಕಿದರೆ ಪಕ್ಷಾಂತರ ನಿಷೇಧದಲ್ಲಿ ಶಾಸಕ ಸ್ಥಾನ ಹೋಗುತ್ತದೆ ಅಲ್ಲವೇ? ಮೊನ್ನೆ ರಾಜ್ಯಸಭಾ ಚುನಾವಣೆಯಲ್ಲಿ ಅಡ್ಡಮತದಾನ ಆದಾಗ ಎಷ್ಟು ಗಲಾಟೆ ಆಯಿತು!

ಕಾನೂನು ಕಣ್ಣು | 24 ಜೂನ್

ಇಲ್ಲ ಸರ್, ಎರಡನ್ನೂ ಕಲಸಬೇಡಿ. ಜೂನ್ 10ರಂದು ನಡೆದ ರಾಜ್ಯಸಭಾ ಚುನಾವಣೆಯಲ್ಲಿ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು, 2003ರಿಂದ ಹಾಗಿದೆ. ಯಾರು ಎತ್ತ ಹೋದರು ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ರಾಷ್ಟ್ರಪತಿ ಚುನಾವಣೆಯಲ್ಲಿ ಯಾರಿಗೂ ತೋರಿಸುವಂತಿಲ್ಲ. ಪಕ್ಷಾಂತರ ನಿಷೇಧದ ನಿಯಮವಿರುವ ಸಂವಿಧಾನದ ಹತ್ತನೇ ಅನುಸೂಚಿಯೂ ಇದಕ್ಕೆ ಅನ್ವಯಿಸುವುದಿಲ್ಲ. ಹೆಚ್ಚೆಂದರೆ ಪಕ್ಷ ಅವರನ್ನು ಹೊರಹಾಕಬಹುದು, ಅದೂ ಗೊತ್ತಾದರೆ!

ದುರ್ಗದವನು | 24 ಜೂನ್

ಆತ್ಮಸಾಕ್ಷಿಯ ಮತ ಎಂಬ ಮಾತಿನ ಕಥೆ ಶುರುವಾದದ್ದೇ ಬೆಂಗಳೂರಿನಿಂದ ಎಂದು ಈಗಿನವರಿಗೆ ಗೊತ್ತೇ? 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜುಲೈಯಲ್ಲಿ ಕಾಂಗ್ರೆಸ್ ಮಹಾಸಮಿತಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ದುರ್ಗದ ಎಸ್. ನಿಜಲಿಂಗಪ್ಪ. ಬೆಂಗಳೂರಿನಲ್ಲಿಯೇ ಸಂಸದೀಯ ಮಂಡಳಿ ಇಂದಿರಾ ಗಾಂಧಿಯವರ ಮಾತನ್ನು ಮೀರಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಇಂದಿರಾ ಅವರೇ ಆ ನಾಮಪತ್ರಕ್ಕೆ ಸಹಿ ಹಾಕಿದರು.

ದೆಹಲಿಗೆ ಮರಳಿದ ಮೇಲೆ ಎಲ್ಲ ಬದಲಾಯಿತು. ಮೊರಾರ್ಜಿಯವರಿಂದ ಹಣಕಾಸು ಖಾತೆ ಹೋಯಿತು, ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಗಿರಿಯವರು ಅದಕ್ಕೂ ಮೊದಲು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ (ಮೊದಲ ಆಯ್ಕೆಯ ಮತಗಳಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಎಣಿಸುವ ಎರಡನೇ ಆಯ್ಕೆ) ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದವರ ಜೊತೆ ಮಾತನಾಡಿದ್ದನ್ನೇ ಇಂದಿರಾ ಬಣ ಹಿಡಿದುಕೊಂಡು, ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂದು ಕರೆ ಕೊಟ್ಟಿತು. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತವಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಎರಡು ಹೋಳು.

ನಮ್ಮ ತಂದೆಗೆ ಆಗ ಇಪ್ಪತ್ತೆರಡು. ನಿಜಲಿಂಗಪ್ಪನವರನ್ನು ನೋಡಲೆಂದು ಬೆಂಗಳೂರಿಗೆ ಹೋಗಿ ಲಾಲ್‌ಬಾಗಿನ ಗೇಟಿನ ಹೊರಗೆ ಇಡೀ ಮಧ್ಯಾಹ್ನ ನಿಂತಿದ್ದರಂತೆ. ಒಳಗೆ ಬಿಡಲಿಲ್ಲ. ಸಾಯುವವರೆಗೂ ಅವರು, "ಆತ್ಮಸಾಕ್ಷಿ ಎಂದವರು ಆತ್ಮಸಾಕ್ಷಿಯಿಂದ ಹೇಳಲಿಲ್ಲ" ಎನ್ನುತ್ತಿದ್ದರು. ನನಗೂ ಹಾಗೆಯೇ ಅನ್ನಿಸುತ್ತದೆ. ಸ್ವಂತ ಅಭ್ಯರ್ಥಿಗೆ ಸಹಿ ಹಾಕಿ ಸೋಲಿಸುವುದು ಸರಿಯಲ್ಲ.

ಬನಶಂಕರಿ | 24 ಜೂನ್

ನಿಮ್ಮ ತಂದೆಯವರ ನೋವು ಅರ್ಥವಾಗುತ್ತದೆ ದುರ್ಗದವರೇ, ಆದರೆ ನಾನು ಒಪ್ಪುವುದಿಲ್ಲ. ನಾಲ್ಕು ಜನ ಹಿರಿಯರು ಕೋಣೆಯಲ್ಲಿ ಕುಳಿತು ನಿರ್ಧರಿಸಿದ್ದನ್ನು ಸಾವಿರಾರು ಶಾಸಕರು ಒಪ್ಪಲೇಬೇಕೆಂದು ಎಲ್ಲಿದೆ? ಆ ಒಂದು ಚುನಾವಣೆಯಲ್ಲಾದರೂ ಮತ ಹಾಕುವವನಿಗೆ ಬೆಲೆ ಬಂತಲ್ಲ. ನೇರನುಡಿಯವರಿಗೂ ಇದೇ ಉತ್ತರ. ಲೆಕ್ಕ ಮೊದಲೇ ಮುಗಿದಿರುತ್ತದೆ ಎನ್ನುವುದು ಯಾವಾಗಲೂ ನಿಜವಲ್ಲ.

ನೇರನುಡಿ | 24 ಜೂನ್

ಐವತ್ಮೂರು ವರ್ಷದಲ್ಲಿ ಒಂದು ಸಲ!

ಸಾವಳಗಿ ಸೊಸೆ | 25 ಜೂನ್

ಇವತ್ತು ಜೂನ್ 25. 1975ರ ಇದೇ ರಾತ್ರಿ ಆಗಿನ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಕಾಗದಕ್ಕೆ ಸಹಿ ಹಾಕಿದರು. ಯಾರು ಅಭ್ಯರ್ಥಿಯಾದರೇನು ಎನ್ನುವವರು ಈ ದಿನವನ್ನು ನೆನೆಯಬೇಕು.

ನಮ್ಮ ಕಡೆಯ ಬಿ.ಡಿ. ಜತ್ತಿಯವರು 1977ರಲ್ಲಿ ಐದು ತಿಂಗಳಿಗೂ ಹೆಚ್ಚು ಕಾಲ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಡತ ಜನತಾ ಸರ್ಕಾರದಿಂದ ಬಂದಾಗ ಅವರು ತಕ್ಷಣ ಸಹಿ ಮಾಡಲಿಲ್ಲ. ಕೊನೆಗೆ ಮಾಡಿದರು. ಅವರು ತಡೆದದ್ದು ತಪ್ಪು ಎಂದು ಆಗ ಬಹಳ ಜನ ಬೈದರು. ನನಗೆ ಮಾತ್ರ, ಓದಿ ಯೋಚಿಸಿ ಸಹಿ ಮಾಡುವವರು ಆ ಕುರ್ಚಿಯಲ್ಲಿ ಇರಬೇಕು ಎನ್ನಿಸುತ್ತದೆ. 1997ರಲ್ಲಿ ಉತ್ತರ ಪ್ರದೇಶದ ಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ.ಆರ್. ನಾರಾಯಣನ್ ಹಿಂದಕ್ಕೆ ಕಳುಹಿಸಿದರು, 2006ರಲ್ಲಿ ಕಲಾಂ ಲಾಭದಾಯಕ ಹುದ್ದೆಯ ಮಸೂದೆಯನ್ನು ಮರಳಿಸಿದರು. ಇದೆಲ್ಲ ವ್ಯಕ್ತಿಯನ್ನು ಅವಲಂಬಿಸಿದ್ದಲ್ಲವೇ?

ಮಲೆನಾಡ ಮಳೆ | 25 ಜೂನ್

ಮುರ್ಮು ಅವರೂ ಜಾರ್ಖಂಡ್ ರಾಜ್ಯಪಾಲರಾಗಿದ್ದಾಗ, 2017ರಲ್ಲಿ, ಆದಿವಾಸಿಗಳ ಭೂಮಿ ಕಾಯ್ದೆಗಳ ತಿದ್ದುಪಡಿ ಮಸೂದೆಗಳನ್ನು ಹಿಂದಿರುಗಿಸಿದ್ದರು. ಅಲ್ಲಿ ಆಗ ಇದ್ದದ್ದು ಅವರದೇ ಪಕ್ಷದ ಸರ್ಕಾರ. ಇದನ್ನು ಹೆಚ್ಚು ಜನ ಹೇಳುತ್ತಿಲ್ಲ.

ಬಾರಿಪದ ಬ್ಯಾಂಕಿನವನು | 26 ಜೂನ್

ಕೆಲಸದ ಮೇಲೆ ಒಡಿಶಾದ ಮಯೂರ್‌ಭಂಜ್ ಜಿಲ್ಲೆಯಲ್ಲಿ ಮೂರು ವರ್ಷ ಇದ್ದೆ. ಮುರ್ಮು ಅವರ ರಾಯ್‌ರಂಗಪುರಕ್ಕೂ ಹೋಗಿದ್ದೇನೆ. ಮನೆಯ ಜಗಲಿಯ ಮೇಲೆ ಕುಳಿತ ಹೆಂಗಸರು ಸಬಾಯಿ ಹುಲ್ಲನ್ನು ಅಂಗೈಯಲ್ಲಿ ಹೊಸೆದು ಹಗ್ಗ ಮಾಡುತ್ತಿರುತ್ತಾರೆ. ಮಾತನಾಡುತ್ತಲೇ ಇರುತ್ತಾರೆ, ಕೈ ನಿಲ್ಲುವುದಿಲ್ಲ. ಸಾಲ ಕೇಳಲು ಬಂದರೆ ಆ ಅಂಗೈ ನೋಡಿದರೆ ಸಾಕು, ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತಾರೆ ಎಂದು ತಿಳಿಯುತ್ತಿತ್ತು. ಅಂಥ ಊರಿನಿಂದ ಶಿಕ್ಷಕಿಯಾಗಿ, 1997ರಲ್ಲಿ ಪುರಸಭೆಯ ಸದಸ್ಯೆಯಾಗಿ, ಎರಡು ಸಲ ಶಾಸಕಿಯಾಗಿ, ರಾಜ್ಯಪಾಲೆಯಾಗಿ ಬಂದವರು ಅವರು. ಅಭ್ಯರ್ಥಿ ಎಂದು ಘೋಷಣೆಯಾದ ಮರುದಿನ ಶಿವ ದೇವಾಲಯದ ಅಂಗಳ ಗುಡಿಸುತ್ತಿದ್ದ ಚಿತ್ರ ನೋಡಿದಿರಲ್ಲ, ಅದನ್ನು ನಾಟಕ ಎನ್ನುವವರು ಆ ಕಡೆಯ ಹೆಂಗಸರನ್ನು ಕಂಡಿಲ್ಲ.

ಇನ್ನೊಂದು ಸುದ್ದಿ ಓದಿ ಹೊಟ್ಟೆ ಉರಿಯಿತು. ಅವರು ಹುಟ್ಟಿದ ಉಪರಬೇಡ ಗ್ರಾಮದ ಡುಂಗುರಿಸಾಹಿ ಎಂಬ ಕೇರಿಗೆ ಇವತ್ತಿನವರೆಗೂ ವಿದ್ಯುತ್ ಇರಲಿಲ್ಲ. ಹೆಸರು ಘೋಷಣೆಯಾದ ಮೇಲೆ ಕಂಬ ಹೊತ್ತುಕೊಂಡು ಓಡುತ್ತಿದ್ದಾರೆ.

ನೇರನುಡಿ | 26 ಜೂನ್

ಅದನ್ನೇ ನಾನು ಹೇಳುವುದು. ಕಂಬ ಹಾಕಿಸಲು ರಾಷ್ಟ್ರಪತಿ ಅಭ್ಯರ್ಥಿಯೇ ಆಗಬೇಕೇ? ಶಾಸಕಿಯಾಗಿದ್ದಾಗ ಆಗಲಿಲ್ಲವೇ?

ಹಾಡಿಯ ಹುಡುಗ | 26 ಜೂನ್

ನಾನು ಎಚ್.ಡಿ. ಕೋಟೆ ಕಡೆಯವನು, ಜೇನು ಕುರುಬರ ಹಾಡಿಯಲ್ಲಿ ಹುಟ್ಟಿ ಬೆಳೆದವನು. ನೇರನುಡಿಯವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ಮಾತು ಕೇಳಿ. ಕರ್ನಾಟಕದ ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಕ್ಕೆ 15 ಮೀಸಲು ಕ್ಷೇತ್ರಗಳಿವೆ. ಅಲ್ಲಿ ಕಾಡಿನೊಳಗಿನ ನಮ್ಮಂಥವರು ಎಷ್ಟು ಜನ ಗೆದ್ದಿದ್ದಾರೆ? ಸಿದ್ದಿ ಸಮುದಾಯದಿಂದ ಮೊದಲ ಸಲ ಒಬ್ಬರು, ಶಾಂತಾರಾಮ ಸಿದ್ದಿಯವರು, 2020ರಲ್ಲಿ ಶಾಸನಸಭೆಗೆ ಬಂದರು. ಆದರೆ ವಿಧಾನ ಪರಿಷತ್ತಿಗೆ. ಪರಿಷತ್ತಿನ ಸದಸ್ಯರಿಗೆ ಈ ಚುನಾವಣೆಯಲ್ಲಿ ಮತವಿಲ್ಲ. ಮೊದಲ ಆದಿವಾಸಿ ರಾಷ್ಟ್ರಪತಿ ಬರುವ ಹೊತ್ತಿನಲ್ಲಿ ಅವರು ಹೊರಗೆ ನಿಂತು ನೋಡಬೇಕು.

ನಮ್ಮ ಅಜ್ಜಿಗೆ ಪತ್ರಿಕೆಯಲ್ಲಿ ಮುರ್ಮು ಅವರ ಚಿತ್ರ ತೋರಿಸಿದೆ. "ಇವರು ನಮ್ಮವರೇ?" ಎಂದು ಕೇಳಿದರು. "ದೂರದ ನಮ್ಮವರು" ಎಂದೆ. ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಲೆಕ್ಕ ಮುಗಿದಿದೆ ಎಂದು ಅವರಿಗೆ ನಾನು ಹೇಳಲಾರೆ.

ಸಮಾಜ ಮೇಷ್ಟ್ರು | 26 ಜೂನ್

ತಮ್ಮಾ, ನೀವು ಬರೆದದ್ದನ್ನು ನಾಳೆ ತರಗತಿಯಲ್ಲಿ ಓದಿ ಹೇಳುತ್ತೇನೆ.

ಕಾನೂನು ಕಣ್ಣು | 28 ಜೂನ್

ಸಿನ್ಹಾ ಅವರು ನಿನ್ನೆ ನಾಮಪತ್ರ ಸಲ್ಲಿಸಿದ್ದಾರೆ. ಅವರನ್ನೂ ಹಗುರವಾಗಿ ಕಾಣುವುದು ಬೇಡ. 1960ರಲ್ಲಿ ಐಎಎಸ್ ಸೇರಿದವರು, ಚಂದ್ರಶೇಖರ್ ಮತ್ತು ವಾಜಪೇಯಿ ಸರ್ಕಾರಗಳಲ್ಲಿ ಹಣಕಾಸು ಸಚಿವರು, ಆಮೇಲೆ ವಿದೇಶಾಂಗ ಸಚಿವರು. 2018ರಲ್ಲಿ ಬಿಜೆಪಿ ಬಿಟ್ಟರು. ಸಂವಿಧಾನ ಕಾಯುತ್ತೇನೆ, ರಬ್ಬರ್ ಸ್ಟಾಂಪ್ ಆಗುವುದಿಲ್ಲ ಎಂದು ಹೋದಲ್ಲೆಲ್ಲ ಹೇಳುತ್ತಿದ್ದಾರೆ. ಸೋಲು ಖಚಿತ ಎಂದು ಗೊತ್ತಿದ್ದೂ ಊರೂರು ತಿರುಗುವವರು ಬೇಕು. 2002ರಲ್ಲಿ ಕಲಾಂ ಎದುರು ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ನಿಂತದ್ದು ಗೆಲ್ಲುವ ಆಸೆಯಿಂದಲ್ಲ.

ಬನಶಂಕರಿ | 28 ಜೂನ್

ವಿರೋಧ ಪಕ್ಷಗಳ ತಯಾರಿಯೇ ಸರಿಯಿರಲಿಲ್ಲ. ಮೊದಲು ಶರದ್ ಪವಾರ್ ಒಲ್ಲೆ ಎಂದರು, ಆಮೇಲೆ ಫಾರೂಕ್ ಅಬ್ದುಲ್ಲಾ, ಆಮೇಲೆ ಗೋಪಾಲಕೃಷ್ಣ ಗಾಂಧಿ. ನಾಲ್ಕನೆಯವರಾಗಿ ಸಿನ್ಹಾ. ಒಪ್ಪಿಗೆ ಪಡೆಯದೆ ಹಿರಿಯರ ಹೆಸರು ಹೊರಬಿಡುವುದು ಅವರಿಗೆ ಮಾಡಿದ ಅವಮಾನ. ನಾನು ಸಿನ್ಹಾ ಅವರ ಕಡೆಯವಳೇ, ಅದಕ್ಕೇ ಇಷ್ಟು ಸಿಟ್ಟು.

ದುರ್ಗದವನು | 28 ಜೂನ್

ನಾಮಪತ್ರದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಈಗ 50 ಸೂಚಕರು, 50 ಅನುಮೋದಕರು, 15 ಸಾವಿರ ರೂಪಾಯಿ ಠೇವಣಿ ಬೇಕು. 1977ರಲ್ಲಿ 37 ಜನ ನಾಮಪತ್ರ ಹಾಕಿದ್ದರು, 36 ತಿರಸ್ಕೃತ. ಉಳಿದ ಒಬ್ಬರು ಅವಿರೋಧವಾಗಿ ಆಯ್ಕೆಯಾದರು. ಯಾರು ಗೊತ್ತೇ? 1969ರಲ್ಲಿ ಸೋತ ಅದೇ ಸಂಜೀವ ರೆಡ್ಡಿ.

ವಿಧಾನಸೌಧದ ಹಳಬ | 1 ಜುಲೈ

ನಿವೃತ್ತ ನೌಕರ. 2017ರಲ್ಲಿ ಈ ಚುನಾವಣೆಯ ಕೆಲಸ ಹತ್ತಿರದಿಂದ ನೋಡಿದ್ದೇನೆ. ಮಕ್ಕಳಿಗೆ ಹೇಳಲು ಬೇಕಾದರೆ ಬರೆದುಕೊಳ್ಳಿ ಮೇಷ್ಟ್ರೇ. ಮತಯಂತ್ರ ಇಲ್ಲ, ಕಾಗದವೇ. ಶಾಸಕರಿಗೆ ಗುಲಾಬಿ ಬಣ್ಣದ ಮತಪತ್ರ, ಸಂಸದರಿಗೆ ಹಸಿರು. ಸ್ವಂತ ಪೆನ್ನು ಬಳಸುವಂತಿಲ್ಲ. ನೇರಳೆ ಶಾಯಿಯ ವಿಶೇಷ ಪೆನ್ನನ್ನು ಅಲ್ಲಿಯೇ ಕೊಡುತ್ತಾರೆ, ಬೇರೆಯದರಲ್ಲಿ ಬರೆದರೆ ಮತ ಅಸಿಂಧು. ಹೆಸರಿನ ಮುಂದೆ 1, 2 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಅಕ್ಷರದಲ್ಲಿ 'ಒಂದು' ಎಂದು ಬರೆದರೆ ನಡೆಯುವುದಿಲ್ಲ. ಆದರೆ ಕನ್ನಡದ ೧ ಬರೆದರೆ ನಡೆಯುತ್ತದೆ! ನಮ್ಮ 224 ಜನರೂ ಹಾಗೆಯೇ ಬರೆಯಲಿ ಎಂಬುದು ನನ್ನ ಬಹುದಿನದ ಆಸೆ.

ಹಾಡಿಯ ಹುಡುಗ | 1 ಜುಲೈ

ಈ ವಿಷಯ ಗೊತ್ತೇ ಇರಲಿಲ್ಲ. ಬಹಳ ಖುಷಿಯಾಯಿತು.

ಸಾವಳಗಿ ಸೊಸೆ | 7 ಜುಲೈ

ವಿಷಯ ಸ್ವಲ್ಪ ಬೇರೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ರಾಜ್ಯಸಭೆಗೆ ನಾಮಕರಣಗೊಂಡಿದ್ದಾರಲ್ಲ, ಅವರೂ ಮತ ಹಾಕುತ್ತಾರೆಯೇ?

ಕಾನೂನು ಕಣ್ಣು | 7 ಜುಲೈ

ಇಲ್ಲ ಮೇಡಂ. 54ನೇ ವಿಧಿಯಂತೆ ಚುನಾಯಿತ ಸದಸ್ಯರಿಗೆ ಮಾತ್ರ. ಆಗಸ್ಟ್ 6ರ ಉಪರಾಷ್ಟ್ರಪತಿ ಚುನಾವಣೆಯಲ್ಲಿ ನಾಮಕರಣಗೊಂಡವರೂ ಹಾಕಬಹುದು.

ನೇರನುಡಿ | 11 ಜುಲೈ

ಜೆಡಿಎಸ್ ಕಥೆ ನೋಡಿ. ಜೂನ್ 15ರಂದು ದೆಹಲಿಯಲ್ಲಿ ಮಮತಾ ಬ್ಯಾನರ್ಜಿ ಕರೆದ ಸಭೆಯಲ್ಲಿ ದೇವೇಗೌಡರು, ಕುಮಾರಸ್ವಾಮಿ ಇಬ್ಬರೂ ಇದ್ದರು. ಈಗ ಬೆಂಬಲ ಮುರ್ಮು ಅವರಿಗೆ.

ಮಲೆನಾಡ ಮಳೆ | 11 ಜುಲೈ

ಅದರಲ್ಲಿ ತಪ್ಪೇನು? ಸಭೆಗೆ ಹೋದಾಗ ಯಾರ ಹೆಸರೂ ತೀರ್ಮಾನವಾಗಿರಲಿಲ್ಲ. ಬುಡಕಟ್ಟಿನ ಹೆಣ್ಣುಮಗಳು ನಿಂತ ಮೇಲೆ ಮನಸ್ಸು ಬದಲಾದರೆ ಅದನ್ನು ಆತ್ಮಸಾಕ್ಷಿ ಎನ್ನಬೇಕು.

ಬನಶಂಕರಿ | 11 ಜುಲೈ

2012ರಲ್ಲಿ ಮೇಘಾಲಯದ ಪಿ.ಎ. ಸಂಗ್ಮಾ ನಿಂತಿದ್ದರು, ಅವರೂ ಬುಡಕಟ್ಟಿನವರೇ. ಆಗ ಯಾಕೆ ಆ ಆತ್ಮಸಾಕ್ಷಿ ಏಳಲಿಲ್ಲ? ಬಿಜೆಪಿ ಅಧಿಕಾರದಲ್ಲಿದ್ದ ನಮ್ಮ ರಾಜ್ಯದಲ್ಲಿಯೇ ಪ್ರಣಬ್ ಮುಖರ್ಜಿಯವರಿಗೆ 117 ಶಾಸಕರ ಮತ, ಬಿಜೆಪಿ ಬೆಂಬಲಿಸಿದ ಸಂಗ್ಮಾ ಅವರಿಗೆ 103. ಅಡ್ಡಮತ ಹಾಕಿದವರು ಯಾರೆಂದು ಇಂದಿಗೂ ಒಬ್ಬರೂ ಬಾಯಿ ಬಿಟ್ಟಿಲ್ಲ. ಆ ಹುಡುಗಿಯ ಪ್ರಶ್ನೆ ಇರುವುದು ಸರಿಯಾಗಿ ಇಲ್ಲಿಯೇ. ಮತ ರಹಸ್ಯವಾಗಿರಲಿ, ಬೆದರಿಕೆಯಿಂದ ಅವರಿಗೆ ರಕ್ಷಣೆ ಬೇಕು. ಆದರೆ ಯಾವ ಕಾರಣಕ್ಕೆ ಯಾರನ್ನು ಮೆಚ್ಚಿದೆ ಎಂದು ಕ್ಷೇತ್ರದ ಜನರಿಗೆ ಹೇಳುವ ಧೈರ್ಯವೂ ಅವರಿಗಿರಬೇಕು.

ನಿರ್ವಾಹಕರು | 11 ಜುಲೈ

ಪಕ್ಷಗಳ ಮೇಲಿನ ಬೈಗುಳವಿದ್ದ ನಾಲ್ಕು ಉತ್ತರಗಳನ್ನು ತೆಗೆದಿದ್ದೇವೆ. ದಯವಿಟ್ಟು ವಿಷಯದ ಮೇಲೆ ಮಾತನಾಡಿ.

ಬಾರಿಪದ ಬ್ಯಾಂಕಿನವನು | 14 ಜುಲೈ

ಜಾರ್ಖಂಡ್‌ನ ಜೆಎಂಎಂ (ಜಾರ್ಖಂಡ್ ಮುಕ್ತಿ ಮೋರ್ಚಾ) ಕೂಡ ಮುರ್ಮು ಅವರ ಕಡೆಗೆ ಬಂದಿತು, ಮೊನ್ನೆಯೇ ಶಿವಸೇನೆ ಬಂದಿತ್ತು. ಆ ಪಕ್ಷದ ಮುಖ್ಯಮಂತ್ರಿ ಹೇಮಂತ್ ಸೊರೇನ್ ಅವರ ಸಂಕಟ ನೋಡಿ: ಸಿನ್ಹಾ, ಸೊರೇನ್ ಅವರದೇ ರಾಜ್ಯದ ಹಜಾರಿಬಾಗ್‌ನವರು; ಮುರ್ಮು, ಸೊರೇನ್ ಅವರದೇ ಸಂತಾಲ ಸಮುದಾಯದವರು. ಬೇರೆ ದಾರಿ ಅವರಿಗೆ ಇರಲಿಲ್ಲ.

ವಿಧಾನಸೌಧದ ಹಳಬ | 14 ಜುಲೈ

ಮತಪೆಟ್ಟಿಗೆಗಳು ದೆಹಲಿಯಿಂದ ರಾಜ್ಯಗಳಿಗೆ ವಿಮಾನದಲ್ಲಿ ಹೊರಟಿವೆ. ಪೆಟ್ಟಿಗೆಗೇ ಬೇರೆ ಟಿಕೆಟ್, ಅಧಿಕಾರಿಯ ಪಕ್ಕದ ಆಸನದಲ್ಲಿ ಅದು ಕೂರುತ್ತದೆ. ಮರಳುವಾಗಲೂ ಹಾಗೆಯೇ.

ಸಮಾಜ ಮೇಷ್ಟ್ರು | 17 ಜುಲೈ

ಒಂದು ಸುದ್ದಿ ಹೇಳಬೇಕು. ಶುಕ್ರವಾರ ನಮ್ಮ ಶಾಸಕರು ಶಾಲೆಯ ಹೊಸ ಕೊಠಡಿಗೆ ಗುದ್ದಲಿ ಪೂಜೆಗೆ ಬಂದಿದ್ದರು. ಪೂಜೆ ಮುಗಿದು ಹಾರ ತೆಗೆಯುತ್ತಿದ್ದಾಗ ಆ ಹುಡುಗಿ ಹೋಗಿ ನೇರವಾಗಿ ಕೇಳಿಯೇಬಿಟ್ಟಳು. ನನ್ನ ಎದೆ ಧಸಕ್ಕೆಂದಿತು. ಅವರು ಒಂದು ಕ್ಷಣ ಸುಮ್ಮನಿದ್ದು, "ಪಕ್ಷ ಹೇಳಿದವರಿಗೆ ಹಾಕುತ್ತೇನಮ್ಮ" ಎಂದರು. ಅವಳು ಬಿಡಲಿಲ್ಲ. "ಪಕ್ಷ ಹೇಳದೇ ಇದ್ದಿದ್ದರೆ?" ಶಾಸಕರು ಅವಳ ತಲೆಯ ಮೇಲೆ ಕೈಯಿಟ್ಟು, "ಅದನ್ನು ನಾನು ಯೋಚಿಸಿಯೇ ಇಲ್ಲ" ಎಂದರು. ನಿಜ ಹೇಳಿದರು ಎಂದು ನನಗೆ ಅವರ ಮೇಲೆ ಗೌರವ ಬಂತು.

ನಾಳೆ ತರಗತಿಯಲ್ಲಿ ನಾವೂ ಚುನಾವಣೆ ನಡೆಸುತ್ತಿದ್ದೇವೆ. 42 ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ರಾಜ್ಯದ ಶಾಸಕರ ಪಾತ್ರ. ಸಿಕ್ಕಿಂ ಬಂದವನು, 'ನನ್ನ 7ಕ್ಕೆ ಏನು ಬೆಲೆ' ಎಂದು ಬೆಳಿಗ್ಗೆಯಿಂದ ಮುನಿಸಿಕೊಂಡಿದ್ದಾನೆ.

ಲೆಕ್ಕಿಗ | 17 ಜುಲೈ

ಅವನಿಗೆ ಹೇಳಿ ಮೇಷ್ಟ್ರೇ, ಸಿಕ್ಕಿಂನ 32 ಶಾಸಕರದು ಸೇರಿ 224. ನಮ್ಮ ಇಬ್ಬರು ಶಾಸಕರ ಮೌಲ್ಯ 262. 1969ರಲ್ಲಿ ಗೆಲುವಿನ ಅಂತರ ಹದಿನೈದು ಸಾವಿರವೂ ಇರಲಿಲ್ಲ. ಬಿಗಿಯಾದ ಸ್ಪರ್ಧೆಯಲ್ಲಿ ಪ್ರತಿ ರಾಜ್ಯವೂ ಲೆಕ್ಕಕ್ಕೆ ಬರುತ್ತದೆ.

ಸಾವಳಗಿ ಸೊಸೆ | 17 ಜುಲೈ

ಉಪರಾಷ್ಟ್ರಪತಿ ಸ್ಥಾನಕ್ಕೆ ವಿರೋಧ ಪಕ್ಷಗಳಿಂದ ನಮ್ಮ ಮಂಗಳೂರಿನ ಮಾರ್ಗರೆಟ್ ಆಳ್ವ! ಈಗಷ್ಟೇ ಸುದ್ದಿ ಬಂತು. ಎನ್‌ಡಿಎ ಅಭ್ಯರ್ಥಿ ಜಗದೀಪ್ ಧನಕರ್. ಇದಕ್ಕೆ ಬೇರೆ ಚರ್ಚೆ ತೆರೆಯೋಣವೇ?

ಬನಶಂಕರಿ | 17 ಜುಲೈ

ತೆರೆಯಿರಿ, ಬರುತ್ತೇನೆ. ಮೇಷ್ಟ್ರೇ, ನಾಳೆ ಸಂಜೆ ನಿಮ್ಮ ತರಗತಿಯ ಫಲಿತಾಂಶ ಇಲ್ಲಿ ಹಾಕಲೇಬೇಕು. ಮೊದಲ ಪ್ರಾಶಸ್ತ್ಯ, ಎರಡನೇ ಪ್ರಾಶಸ್ತ್ಯ ಬೇರೆ ಬೇರೆಯಾಗಿ.

ಸಮಾಜ ಮೇಷ್ಟ್ರು | 17 ಜುಲೈ

ಖಂಡಿತ. ನೇರಳೆ ಸ್ಕೆಚ್ ಪೆನ್ನು ಎರಡು ಸಿಕ್ಕಿವೆ. ಗುಲಾಬಿ ಕಾಗದ ಊರಿನ ಯಾವ ಅಂಗಡಿಯಲ್ಲಿಯೂ ಸಿಗಲಿಲ್ಲ, ಬಿಳಿ ಹಾಳೆಗೆ ಹುಡುಗಿಯರು ಬಣ್ಣ ಬಳಿದು ಕಿಟಕಿಯ ಮೇಲೆ ಒಣಗಲು ಇಟ್ಟಿದ್ದಾರೆ. ಎಲ್ಲರೂ ೧ ಎಂದೇ ಬರೆಯಬೇಕೆಂದು ಹೇಳಿದ್ದೇನೆ.